ಮಗು ಆಡಿ ತೋರಿಸುವ ಮಾತು

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ನಾವು ಹೀಗೆ ಕೂಡಿದಾಗಲೆಲ್ಲ ವರದಕ್ಷಿಣೆಯ ಮಾತು ಬರುತ್ತದೆ, ಕುಡಿತದ ಮಾತು ಬರುತ್ತದೆ, ಪೊಲೀಸ್ ಠಾಣೆ, ಕೋರ್ಟು, ಜೀವನಾಂಶದ ಮಾತು ಬರುತ್ತದೆ. ಬರಲೇಬೇಕು. ಆದರೆ ಹೆಣ್ಣುಮಗಳೊಬ್ಬಳು ಗಂಡನ ಮನೆಯಲ್ಲಿ ಹೊಡೆತ ತಿಂದ ಕತೆ ಹೇಳುವಾಗ ಅವಳ ಸೆರಗು ಹಿಡಿದು ಒಂದು ಮಗು ಕೂತಿರುತ್ತದಲ್ಲ, ಅದರ ಮಾತು ಮಾತ್ರ ಬರುವುದಿಲ್ಲ. "ಅದಕ್ಕೇನು ಗೊತ್ತಾಗುತ್ತೆ, ಇನ್ನೂ ಚಿಕ್ಕದು" ಎಂದುಬಿಡುತ್ತೇವೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಮಗುವಿನ ಬಗ್ಗೆ.

ಮಗುವಿಗೆ ಗೊತ್ತಾಗುತ್ತದೆ. ಗಂಡ ಹೆಂಡತಿಯನ್ನು ಹೊಡೆಯುವುದು ಮುಚ್ಚಿದ ಬಾಗಿಲ ಹಿಂದೆ ಇರಬಹುದು, ಮಗು ಚಾಪೆಯ ಮೇಲೆ ಮಲಗಿರಬಹುದು. ನಿದ್ದೆ ಬಂದಿದೆ ಎಂದು ನಾವು ತಿಳಿದಿರುತ್ತೇವೆ. ಅದು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಪಾತ್ರೆ ಬಿದ್ದ ಸದ್ದು, ಅಮ್ಮ ಅಳು ನುಂಗಿಕೊಂಡ ಸದ್ದು, "ನಿನ್ನಪ್ಪ ಕೊಡ್ತೀನಂದ ಬೈಕ್ ಎಲ್ಲಿ" ಎಂಬ ಗದರಿಕೆ, ಯಾವುದೂ ತಪ್ಪುವುದಿಲ್ಲ. ತನ್ನಿಂದಲೇ ಈ ಜಗಳ ಎಂದುಕೊಳ್ಳುವ ಮಕ್ಕಳೂ ಇದ್ದಾರೆ. "ನಾನು ಹಾಲು ಚೆಲ್ಲಿದ್ದಕ್ಕೆ ಅಪ್ಪ ಅಮ್ಮನಿಗೆ ಹೊಡೆದ" ಎಂದು ಆ ಪುಟ್ಟ ತಲೆ ಲೆಕ್ಕ ಹಾಕುತ್ತದೆ.

ಆ ಭಯ ಬೇರೆ ಬೇರೆ ರೂಪದಲ್ಲಿ ಹೊರಬರುತ್ತದೆ. ಹಾಸಿಗೆ ಒದ್ದೆ ಮಾಡುವುದು ನಿಂತಿದ್ದ ಮಗು ಮತ್ತೆ ಶುರುಮಾಡುತ್ತದೆ. ಮಾತು ತೊದಲುತ್ತದೆ. ರಾತ್ರಿ ಚೀರಿ ಏಳುತ್ತದೆ. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತದೆ, ಯಾಕೆಂದರೆ ತಾನಿಲ್ಲದ ಹೊತ್ತಿನಲ್ಲಿ ಅಮ್ಮನಿಗೆ ಏನಾದರೂ ಆದರೆ? ನಾವು ದೃಷ್ಟಿ ತೆಗೆಯುತ್ತೇವೆ, ತಾಯಿತ ಕಟ್ಟಿಸುತ್ತೇವೆ. ತಾಯಿಯ ಕಳವಳ ದೊಡ್ಡದು, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಮಗುವಿಗೆ ಸೋಕಿರುವುದು ಗಾಳಿಯಲ್ಲ, ಭಯ.

ಇನ್ನೊಂದು ಬಗೆಯ ಮಕ್ಕಳು ನಮ್ಮ ಕಣ್ಣಿಗೇ ಬೀಳುವುದಿಲ್ಲ. ತಂಟೆಯಿಲ್ಲ, ಹಟವಿಲ್ಲ, ಹೇಳಿದ ಕೆಲಸ ಮಾಡಿ ಮೂಲೆಯಲ್ಲಿ ಕೂರುತ್ತವೆ. ಅದರಲ್ಲೂ ಹೆಣ್ಣುಮಗುವಾದರೆ "ಎಷ್ಟು ಜಾಣೆ, ದೊಡ್ಡವಳ ಥರ ಮನೆ ನೋಡಿಕೊಳ್ತಾಳೆ" ಎಂದು ಹೊಗಳುತ್ತೇವೆ. ಏಳು ವರ್ಷಕ್ಕೆ ದೊಡ್ಡವಳಾಗುವುದು ಜಾಣತನವಲ್ಲ ಗೆಳತಿಯರೆ. ಅದೂ ಭಯದ ಒಂದು ರೂಪವಾಗಿರಬಹುದು.

ಆಟವೇ ಯಾಕೆ?

ಇಂಥ ಮಗುವನ್ನು ಕೂರಿಸಿಕೊಂಡು "ಏನಾಯಿತು ಪುಟ್ಟ, ಹೇಳು" ಎಂದರೆ ಅದು ಹೇಳುವುದಿಲ್ಲ. ಹಟದಿಂದಲ್ಲ. ಅದರ ಹತ್ತಿರ ಆ ಮಾತುಗಳೇ ಇಲ್ಲ. ನಮಗೇ, ಮೂವತ್ತು ನಲವತ್ತು ವರ್ಷದವರಿಗೇ, ಸಂಘದಲ್ಲಿ ಬಾಯಿ ಬಿಟ್ಟು ಹೇಳಲು ಎಷ್ಟು ತಿಂಗಳು ಹಿಡಿಯಿತು? ನಾಲ್ಕು ವರ್ಷದ ಮಗು ಹೇಗೆ ಹೇಳೀತು? ಅದು ಆಡಿ ತೋರಿಸುತ್ತದೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಐದು ವರ್ಷದ ಹುಡುಗಿ ಜಗಲಿಯ ಮೇಲೆ ಅಡುಗೆ ಆಟ ಆಡುತ್ತಿದ್ದಾಳೆ. ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಸಾರು, ಎಲೆಯ ಮೇಲೆ ಮರಳಿನ ಅನ್ನ. ಗಂಡು ಬೊಂಬೆಯನ್ನು ಊಟಕ್ಕೆ ಕೂರಿಸುತ್ತಾಳೆ. ಆ ಬೊಂಬೆ "ಏನೇ ಇದು, ಉಪ್ಪಿಲ್ಲ" ಎಂದು ಎಲೆ ಒದೆಯುತ್ತದೆ, ಹೆಣ್ಣು ಬೊಂಬೆಯ ಜುಟ್ಟು ಹಿಡಿದು ಗೋಡೆಗೆ ಬಡಿಯುತ್ತದೆ. ಒಳಗಿದ್ದ ತಾಯಿ ಓಡಿ ಬಂದು ಬೊಂಬೆ ಕಸಿದುಕೊಳ್ಳುತ್ತಾಳೆ. "ಥೂ, ಇಂಥ ಆಟ ಆಡ್ತಾರಾ? ಅಜ್ಜಿ ನೋಡಿದರೆ ಏನಂದಾರು?"

ತಾಯಿಗೆ ಯಾಕೆ ಭಯವಾಯಿತೆಂದು ನಮಗೆಲ್ಲ ಗೊತ್ತು. ಮನೆಯ ಗುಟ್ಟು ಬೀದಿಗೆ ಬಂತಲ್ಲ ಎಂದು. ಆದರೆ ಮಗುವಿನ ಕಡೆಯಿಂದ ನೋಡಿ. ಹೇಳಲು ಇದ್ದದ್ದು ಒಂದೇ ದಾರಿ, ಅದನ್ನೂ ಮುಚ್ಚಿದೆವು. ಹೆಂಗಸರಾದ ನಮಗೆ ಈ ಸಮಾಜ ಹೇಳುತ್ತ ಬಂದ "ಮನೆ ಮಾತು ಹೊರಗೆ ಬರಬಾರದು" ಎಂಬ ಪಾಠವನ್ನು ನಾವೇ ಮುಂದಿನ ತಲೆಮಾರಿಗೆ ದಾಟಿಸಿದೆವು.

ಯುದ್ಧದಲ್ಲಿ ಆಡಿದ ಮಕ್ಕಳು

ಮಕ್ಕಳ ಆಟದಲ್ಲಿ ಅವರ ನೋವು ಕಾಣುತ್ತದೆ ಎಂಬುದು ಹೊಸ ಮಾತಲ್ಲ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ ನಗರದ ಮೇಲೆ ಬಾಂಬು ಬೀಳುತ್ತಿದ್ದಾಗ ಅನ್ನಾ ಫ್ರಾಯ್ಡ್ ಮತ್ತು ಡೊರೋತಿ ಬರ್ಲಿಂಗ್‌ಹ್ಯಾಮ್ ಎಂಬ ಇಬ್ಬರು ಹೆಂಗಸರು ನಿರಾಶ್ರಿತ ಮಕ್ಕಳಿಗಾಗಿ ಶಿಶುಗೃಹ ನಡೆಸಿದರು. ಅಲ್ಲಿ ತಂದೆಯನ್ನು ಕಳೆದುಕೊಂಡ ಒಬ್ಬ ಪುಟ್ಟ ಹುಡುಗನಿದ್ದ. ಅಪ್ಪ ಸತ್ತಿದ್ದಾನೆ ಎಂಬುದನ್ನು ಅವನು ಒಪ್ಪಲೇ ಇಲ್ಲ. ಕಾಗದದ ಮನೆಗಳನ್ನು ಮಾಡಿ ಅದರ ಮೇಲೆ ಗೋಲಿಗಳನ್ನು ಬಾಂಬಿನಂತೆ ಬೀಳಿಸುತ್ತಿದ್ದ. ಆದರೆ ಅವನ ಆಟದಲ್ಲಿ ಜನರೆಲ್ಲ ಉಳಿಯುತ್ತಿದ್ದರು, ಬಿದ್ದ ಮನೆಗಳು ಮತ್ತೆ ಎದ್ದು ನಿಲ್ಲುತ್ತಿದ್ದವು. ಮತ್ತೆ ಮತ್ತೆ ಅದೇ ಆಟ. ಅಲ್ಲಿದ್ದವರು ಅದನ್ನು ತಡೆಯಲಿಲ್ಲ. ತಿಂಗಳುಗಳು ಕಳೆದ ಮೇಲೆ ಒಂದು ದಿನ ಅವನೇ ಬಾಯಿಬಿಟ್ಟು ಹೇಳಿದ: ಅಪ್ಪ ಸತ್ತಿದ್ದಾನೆ, ಅವನು ಬರುವುದಿಲ್ಲ ಎಂದು. ಅಷ್ಟು ದೊಡ್ಡ ದುಃಖವನ್ನು ಎತ್ತಿಕೊಳ್ಳುವ ಶಕ್ತಿ ಬರುವತನಕ ಆಟ ಅವನನ್ನು ಕಾಯ್ದಿತ್ತು.

ಆ ಇಬ್ಬರು ಕಂಡುಕೊಂಡ ಇನ್ನೊಂದು ಸಂಗತಿ ನಮಗೆ ಬಹಳ ಮುಖ್ಯ. ಬಾಂಬಿನ ಸದ್ದಿಗಿಂತ ತಾಯಿಯಿಂದ ಅಗಲಿದ್ದೇ ಮಕ್ಕಳನ್ನು ಹೆಚ್ಚು ಕಂಗೆಡಿಸಿತ್ತು. ತಾಯಿ ಜೊತೆಗಿದ್ದು, ಅವಳು ಧೈರ್ಯವಾಗಿದ್ದರೆ ಮಗು ತಡೆದುಕೊಳ್ಳುತ್ತಿತ್ತು. ಹಾಗಾದರೆ ಬಾಂಬು ಬೀಳುವುದು ಸ್ವಂತ ಮನೆಯೊಳಗೇ, ಅದೂ ತಾಯಿಯ ಮೈಮೇಲೇ ಆದಾಗ ಆ ಮಗುವಿನ ಗತಿ ಏನು? ನೀವೇ ಯೋಚಿಸಿ.

ಆದರೆ ಆಡಲು ಬಿಟ್ಟರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದಲ್ಲ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಎಂಬ ಊರಿನಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ದುಷ್ಕರ್ಮಿಗಳು ಅಪಹರಿಸಿ, ಮಕ್ಕಳನ್ನೂ ಚಾಲಕನನ್ನೂ ಕಲ್ಲುಕ್ವಾರಿಯಲ್ಲಿ ಹೂತಿಟ್ಟಿದ್ದ ಲಾರಿಯ ಪೆಟ್ಟಿಗೆಯೊಳಗೆ ಕೂಡಿಹಾಕಿದರು. ಚಾಲಕ ಮತ್ತು ದೊಡ್ಡ ಹುಡುಗರು ದಾರಿ ಮಾಡಿಕೊಂಡು ಎಲ್ಲರನ್ನೂ ಹೊರತಂದರು. ಯಾರೂ ಸಾಯಲಿಲ್ಲ. ಊರೆಲ್ಲ ನಿಟ್ಟುಸಿರು ಬಿಟ್ಟಿತು. ಆದರೆ ಲೆನೋರ್ ಟೆರ್ ಎಂಬ ಮನೋವೈದ್ಯೆ ಆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ ಅವರಲ್ಲಿ ಹಲವರು ಅದೇ ಅಪಹರಣದ ಆಟ ಆಡುತ್ತಲೇ ಇದ್ದರು. ಆ ಆಟದಲ್ಲಿ ನಗುವಿಲ್ಲ, ಬದಲಾವಣೆಯಿಲ್ಲ. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತು.

ಈ ಎರಡು ಆಟಗಳ ಅಂತರವನ್ನು ನಾವು ತಿಳಿಯಬೇಕು. ಒಂದು ಆಟ ಮುಂದಕ್ಕೆ ಸಾಗುತ್ತದೆ. ಬಿದ್ದ ಮನೆ ಏಳುತ್ತದೆ, ಯಾರೋ ಬಂದು ಕಾಪಾಡುತ್ತಾರೆ, ಕೊನೆ ಬೇರೆಯಾಗುತ್ತದೆ. ಇನ್ನೊಂದು ಕೆಸರಿನಲ್ಲಿ ಸಿಕ್ಕ ಚಕ್ರದಂತೆ ನಿಂತಲ್ಲೇ ತಿರುಗುತ್ತದೆ. ಸಿಕ್ಕಿಕೊಂಡ ಆಟವನ್ನು ಮುಂದಕ್ಕೆ ಸಾಗಿಸಲು ಪಕ್ಕದಲ್ಲಿ ಒಬ್ಬ ದೊಡ್ಡವರು ಬೇಕು. ಬೈಯದ, ಹೆದರದ, ಅವಸರ ಮಾಡದ ಒಬ್ಬರು. ಆಟದ ಮೂಲಕ ಚಿಕಿತ್ಸೆ ಎಂದು ತಜ್ಞರು ಹೇಳುವುದರ ತಿರುಳು ಇದೇ. ವಾಸಿ ಮಾಡುವುದು ಬೊಂಬೆಯಲ್ಲ, ಬೊಂಬೆಯ ಪಕ್ಕ ಕೂತ ಮನುಷ್ಯರು.

ಪಕ್ಕದಲ್ಲಿ ಕೂರುವುದು ಹೇಗೆ?

ಈ ವಿದ್ಯೆಯನ್ನು ಸರಳವಾಗಿ ಬಿಡಿಸಿ ಹೇಳಿದವರಲ್ಲಿ ವರ್ಜೀನಿಯಾ ಆಕ್ಸ್‌ಲೈನ್ ಎಂಬ ಅಮೆರಿಕದ ಮಹಿಳೆ ಮುಖ್ಯರು. 1947ರಲ್ಲಿ ಅವರ ಪುಸ್ತಕ ಬಂತು. ಅವರು ಎಂಟು ಸೂತ್ರಗಳನ್ನು ಹೇಳಿದ್ದಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ: ಮಗುವಿನೊಡನೆ ಅಕ್ಕರೆಯ ಸ್ನೇಹ ಬೆಳೆಸಿ. ಅದು ಹೇಗಿದೆಯೋ ಹಾಗೇ ಒಪ್ಪಿಕೊಳ್ಳಿ. ಅನಿಸಿದ್ದನ್ನು ಹೊರಹಾಕಲು ಬಿಡಿ. ಅದರ ಮನಸ್ಸಿನಲ್ಲಿ ಏನಿದೆ ಎಂದು ಗುರುತಿಸಿ, ಅದಕ್ಕೇ ತಿಳಿಯುವಂತೆ ಹೇಳಿ. ತನ್ನ ತೊಡಕನ್ನು ತಾನೇ ಬಿಡಿಸಿಕೊಳ್ಳುವ ಶಕ್ತಿ ಮಗುವಿಗಿದೆ ಎಂದು ನಂಬಿ. ಆಟದಲ್ಲಿ ಮಗು ಮುಂದೆ, ನೀವು ಹಿಂದೆ. ಅವಸರ ಬೇಡ. ಕಟ್ಟುಪಾಡು ಎಷ್ಟು ಬೇಕೋ ಅಷ್ಟೇ ಇರಲಿ.

ಮೊದಲೇ ಹೇಳಿದ ಅಡುಗೆ ಆಟವನ್ನೇ ತೆಗೆದುಕೊಳ್ಳಿ. ಗಂಡು ಬೊಂಬೆ ಹೊಡೆಯುತ್ತಿದೆ. ಪಕ್ಕದಲ್ಲಿ ಕೂತವರು "ಹಾಗೆ ಹೊಡೀಬಾರದು" ಎಂದು ಬುದ್ಧಿ ಹೇಳುವುದಿಲ್ಲ. "ನಿಮ್ಮಪ್ಪನೂ ಹೀಗೇ ಮಾಡ್ತಾನಾ?" ಎಂದು ಕೆದಕುವುದಿಲ್ಲ. "ಅಯ್ಯೋ, ಈ ಅಮ್ಮನಿಗೆ ತುಂಬಾ ನೋವಾಗಿದೆ. ಈ ಪಾಪುಗೆ ಭಯ ಆಗಿದೆ" ಎನ್ನುತ್ತಾರೆ. ಅಷ್ಟೇ. ಮಗು ತಲೆಯೆತ್ತಿ ನೋಡುತ್ತದೆ. ತನಗೆ ಆಗಿರುವುದಕ್ಕೆ ಒಂದು ಹೆಸರಿದೆ, ಅದನ್ನು ಕೇಳಿಯೂ ಇವರು ಬೈಯಲಿಲ್ಲ ಎಂದು ಅದಕ್ಕೆ ತಿಳಿಯುತ್ತದೆ. ಮುಂದಿನ ವಾರ ಅದೇ ಆಟದಲ್ಲಿ ಪಾಪು ಬೊಂಬೆ ಪಕ್ಕದ ಮನೆಗೆ ಓಡಬಹುದು. ಅದರ ಮುಂದಿನ ವಾರ ಅಮ್ಮ ಬೊಂಬೆ ಬಸ್ಸು ಹತ್ತಬಹುದು. ಆಟ ಸಾಗಿತು.

"ಬೊಂಬೆಗೆ ಹೊಡೆಯಲು ಬಿಟ್ಟರೆ ಮಗ ಅಪ್ಪನ ಥರವೇ ಆಗುವುದಿಲ್ಲವಾ?" ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಟ್ಟುಪಾಡು ಬೇಕಾಗುವುದು ಇಲ್ಲೇ. ಸಿಟ್ಟು ಬರುವುದು ತಪ್ಪಲ್ಲ, ಆ ಸಿಟ್ಟಿನಿಂದ ಇನ್ನೊಬ್ಬರ ಮೈಮೇಲೆ ಕೈ ಮಾಡುವುದು ತಪ್ಪು. "ನಿನಗೆ ತುಂಬಾ ಸಿಟ್ಟು ಬಂದಿದೆ. ತಂಗಿಗೆ ಹೊಡೆಯುವ ಹಾಗಿಲ್ಲ. ಬೇಕಾದರೆ ಈ ಮಣ್ಣಿನ ಮುದ್ದೆಗೆ ಗುದ್ದು." ಮೂರು ಮಾತು, ದನಿ ಏರಿಸದೆ. ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ಅಳುವುದಕ್ಕೂ ಅಪ್ಪಣೆಯಿಲ್ಲ, "ಹುಡುಗಿ ಥರ ಅಳ್ತೀಯ" ಎನ್ನುತ್ತೇವೆ. ಅಳಲಾರದ್ದು ಹೊಡೆತವಾಗಿ ಹೊರಬಂದರೆ ಆಶ್ಚರ್ಯವೇನು? ಹೊಡೆಯದೆಯೂ ಸಿಟ್ಟನ್ನು ಹೊರಹಾಕಬಹುದು ಎಂದು ಐದನೇ ವರ್ಷಕ್ಕೆ ಕಲಿತ ಹುಡುಗ ನಾಳೆ ಯಾರದೋ ಗಂಡನಾಗುತ್ತಾನೆ ಎಂಬುದನ್ನು ಮರೆಯಬೇಡಿ.

ಇದಕ್ಕೆ ದೊಡ್ಡ ಓದು ಬೇಕಲ್ಲವೆ ಎಂದು ನೀವು ಕೇಳಬಹುದು. ಚಿಕಿತ್ಸೆಗೆ ತರಬೇತಿ ಬೇಕು, ನಿಜ. ಆದರೆ 1960ರ ದಶಕದಲ್ಲೇ ಅಮೆರಿಕದ ಬರ್ನಾರ್ಡ್ ಗರ್ನಿ ಮತ್ತು ಲೂಯಿಸ್ ಗರ್ನಿ ದಂಪತಿ, ಇದನ್ನು ತಂದೆ ತಾಯಿಗೇ ಕಲಿಸಬಹುದು, ವಾರಕ್ಕೆ ಅರ್ಧ ಗಂಟೆ ಅವರೇ ಮಗುವಿನೊಡನೆ ಹೀಗೆ ಕೂರಬಹುದು ಎಂದು ತೋರಿಸಿದರು. 2005ರಲ್ಲಿ ಅಮೆರಿಕದ ಸಂಶೋಧಕಿಯರು ಅದುವರೆಗಿನ 93 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆಟದ ಚಿಕಿತ್ಸೆಯಿಂದ ಮಕ್ಕಳಿಗೆ ಒಳಿತಾಗಿದೆ, ತರಬೇತಿ ಪಡೆದ ತಂದೆ ತಾಯಿಯೇ ಕೂತಾಗ ಇನ್ನೂ ಹೆಚ್ಚು ಒಳಿತಾಗಿದೆ ಎಂದು ಕಂಡುಬಂತು.

ನಾವು ಏನು ಮಾಡಬಹುದು?

ವಾರಕ್ಕೆ ಅರ್ಧ ಗಂಟೆ. ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗ. ಮನೆಯಲ್ಲಿ ಆಗದಿದ್ದರೆ ತವರಿನ ಜಗಲಿ, ಸಂಘದ ಕೋಣೆ, ಅಂಗನವಾಡಿಯ ಮೂಲೆ. ಆ ಹೊತ್ತಿನಲ್ಲಿ ಮೊಬೈಲು ಪಕ್ಕಕ್ಕೆ. ಒಲೆಯ ಮೇಲೆ ಹಾಲಿಟ್ಟು ಬಂದು ಕೂರಬೇಡಿ. ನಾಳೆ ಏನಾಗುತ್ತದೋ ಎಂದು ತಿಳಿಯದ ಮನೆಯಲ್ಲಿ ಬೆಳೆಯುವ ಮಗುವಿಗೆ "ಗುರುವಾರ ಸಂಜೆ ಅಮ್ಮ ನನ್ನ ಜೊತೆ ಕೂರುತ್ತಾಳೆ" ಎಂಬ ಖಾತ್ರಿಯೇ ಅರ್ಧ ಔಷಧಿ.

ಆಟದ ಸಾಮಾನಿಗೆ ಹೆಚ್ಚು ಖರ್ಚಿಲ್ಲ. ಒಂದು ರಟ್ಟಿನ ಪೆಟ್ಟಿಗೆ ಸಾಕು. ಹಳೆ ಸೀರೆಯ ತುಂಡಿನಲ್ಲಿ ಮಾಡಿದ ಬೊಂಬೆಗಳು: ಅಪ್ಪ, ಅಮ್ಮ, ಅಜ್ಜಿ, ತಾತ, ಮಕ್ಕಳು. ಅಡುಗೆ ಆಟದ ಪಾತ್ರೆಗಳು. ಜೇಡಿಮಣ್ಣು. ಅಗಲವಾದ ತಟ್ಟೆಯಲ್ಲಿ ಮರಳು. ಬಳಪ, ಬಣ್ಣದ ಕಡ್ಡಿ, ಹಳೆ ಕಾಗದ. ಸಣ್ಣದೊಂದು ಬಸ್ಸು, ಆಟದ ಫೋನು, ಡಾಕ್ಟರ ಸೂಜಿ. ಹುಲಿ, ಹಾವಿನಂಥ ಭಯದ ಪ್ರಾಣಿಗಳೂ ಇರಲಿ, ಹಸು ಕೋಳಿಯೂ ಇರಲಿ. ಏನು ಆಡಬೇಕೆಂದು ಮಗುವೇ ತೀರ್ಮಾನಿಸಲಿ. ಆನೆಗೆ ಹಸಿರು ಬಣ್ಣ ಬಳಿದರೆ ತಿದ್ದಬೇಡಿ, ಅದು ಶಾಲೆಯ ಕೆಲಸ.

ಇನ್ನು ಮಾಡಬಾರದ್ದು. ಆಟದ ನಡುವೆ ವಿಚಾರಣೆ ಮಾಡಬೇಡಿ. ಆಟದಲ್ಲಿ ಕಂಡದ್ದನ್ನು ಬಾವಿಕಟ್ಟೆಯಲ್ಲಿ ಹೇಳಬೇಡಿ, ಅದು ಮಗುವಿನ ಗುಟ್ಟು. ಮನೆಯಲ್ಲಿ ಹೊಡೆಯುವವನ ಕಿವಿಗಂತೂ ಬೀಳಬಾರದು. ಮೊಕದ್ದಮೆ ನಡೆಯುತ್ತಿದ್ದರೆ ಮಗುವಿಗೆ ಸಾಕ್ಷಿ ಹೇಳಿಕೊಡುವ ಜಾಗವಾಗಿ ಆಟವನ್ನು ಬಳಸಬೇಡಿ. ನಮಗೆ ನ್ಯಾಯ ಬೇಕು ನಿಜ, ಅದರ ಭಾರವನ್ನು ಮಗುವಿನ ಹೆಗಲಿಗೆ ಹಾಕಬಾರದು.

ವಯಸ್ಸಿಗೆ ಮೀರಿದ ಲೈಂಗಿಕ ವರ್ತನೆ ಆಟದಲ್ಲಿ ಮತ್ತೆ ಮತ್ತೆ ಕಂಡರೆ, ಮಗು ಒಬ್ಬರನ್ನು ಕಂಡರೆ ಸಾಕು ನಡುಗಿದರೆ, ನಾವೇ ತೀರ್ಪು ಕೊಡುವುದು ಬೇಡ, ಮುಚ್ಚಿಡುವುದೂ ಬೇಡ. ಆಟವೊಂದೇ ಪುರಾವೆಯಲ್ಲ, ಆದರೆ ವಿಚಾರಿಸಲೇಬೇಕಾದ ಸೂಚನೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡಲೆಂದೇ 2012ರಲ್ಲಿ ಪೋಕ್ಸೋ ಕಾಯ್ದೆ ಬಂದಿದೆ.

ಮೊದಲು ಹೊಡೆತ ನಿಲ್ಲಬೇಕು

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಗುರುವಾರ ಸಂಜೆ ಆಟ, ಗುರುವಾರ ರಾತ್ರಿ ಹೊಡೆತ. ಹೀಗಾದರೆ ಯಾವ ಚಿಕಿತ್ಸೆಯೂ ನಾಟುವುದಿಲ್ಲ. ಸೂರು ಸೋರುತ್ತಿರುವಾಗ ನೆಲ ಒರೆಸಿದ ಹಾಗೆ. "ಮಗುವಿಗೆ ಅಪ್ಪ ಬೇಕು, ಹೊಂದಿಕೊಂಡು ಹೋಗಮ್ಮ" ಎಂದು ಊರ ಹಿರಿಯರು ಹೇಳುತ್ತಾರೆ. ಮಗುವಿಗೆ ಅಪ್ಪ ಬೇಕು, ಒಪ್ಪೋಣ. ಅಮ್ಮನನ್ನು ಹೊಡೆಯುವ ಅಪ್ಪ ಬೇಕೆಂದು ಯಾವ ಮಗು ಕೇಳಿದೆ? ಮಕ್ಕಳಿಗಾಗಿ ಸಹಿಸಿಕೊಂಡೆ ಎನ್ನುವ ತಾಯಂದಿರೆ, ನೀವು ಸಹಿಸಿದ್ದನ್ನು ಮಕ್ಕಳೂ ಸಹಿಸುತ್ತಿದ್ದಾರೆ. ಬಿಡುವ ದಾರಿ ಕಾಣದ್ದು ನಿಮ್ಮ ತಪ್ಪಲ್ಲ. ಆ ದಾರಿ ಮಾಡಿಕೊಡುವುದು ಸಂಘದ ಕೆಲಸ.

ಕಾನೂನು ನಿಮ್ಮ ಕಡೆಗಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 18ನೇ ಕಲಮಿನಡಿ ಹೊಡೆಯಬಾರದೆಂದು ರಕ್ಷಣಾ ಆದೇಶ ಪಡೆಯಬಹುದು. 19ನೇ ಕಲಮು ಮನೆಯಲ್ಲಿ ವಾಸಿಸುವ ಹಕ್ಕನ್ನು ಕಾಯುತ್ತದೆ. 20ನೇ ಕಲಮಿನಡಿ ನಿಮಗೂ ಮಕ್ಕಳಿಗೂ ಖರ್ಚಿನ ಹಣ ಕೇಳಬಹುದು. 21ನೇ ಕಲಮಿನಡಿ ಮಕ್ಕಳನ್ನು ತಾತ್ಕಾಲಿಕವಾಗಿ ನಿಮ್ಮ ಸುಪರ್ದಿಗೆ ಕೇಳಬಹುದು. ಅವನು ಬಂದು ನೋಡುವುದರಿಂದ ಮಗುವಿಗೆ ಕೇಡೆಂದು ಕಂಡರೆ ಮ್ಯಾಜಿಸ್ಟ್ರೇಟರು ಅದನ್ನು ನಿರಾಕರಿಸಬಹುದು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳೂ ಹೌದು. ಅಂಗನವಾಡಿಯ ಮೂಲಕವೇ ಅವರನ್ನು ಮುಟ್ಟಬಹುದು. ಮಹಿಳಾ ಸಹಾಯವಾಣಿ 181.

ಮಗು ವಾರಗಟ್ಟಲೆ ಮಾತು ಬಿಟ್ಟಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ತನ್ನ ಮೈಗೆ ತಾನೇ ಗಾಯ ಮಾಡಿಕೊಂಡರೆ, ಸಾಯುವ ಮಾತಾಡಿದರೆ ಆಟದ ಪೆಟ್ಟಿಗೆಯನ್ನು ನೆಚ್ಚಿ ಕೂರಬೇಡಿ. ತಾಯಿಯನ್ನು ಕಣ್ಣೆದುರೇ ಬೆಂಕಿಯಲ್ಲಿ ಕಳೆದುಕೊಂಡ ಮಕ್ಕಳಿಗೆ ತಜ್ಞರ ನೆರವು ಬೇಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ಮನೋವೈದ್ಯಕೀಯ ವಿಭಾಗವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವನ್ನು ಕೇಳಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಣ ಖರ್ಚಿಲ್ಲದೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರ ಹತ್ತಿರ ಹೋದರೆ ಹುಚ್ಚು ಎಂಬ ಹೆಸರು ಬರುತ್ತದೆಂದು ಹಿಂಜರಿಯಬೇಡಿ. ಕೈ ಮುರಿದರೆ ಮೂಳೆ ಡಾಕ್ಟರ ಹತ್ತಿರ ಹೋಗುವುದಿಲ್ಲವೆ?

ಕೊನೆಗೆ ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಆಡಲು ಹೊತ್ತು ಬೇಕು. ನಮ್ಮ ಹುಡುಗಿಯರಿಗೆ ಆ ಹೊತ್ತು ಎಲ್ಲಿದೆ? ಶಾಲೆಯಿಂದ ಬಂದರೆ ನೀರು, ಪಾತ್ರೆ, ತಮ್ಮನನ್ನು ಎತ್ತಿಕೊಳ್ಳುವುದು. ಅಣ್ಣ ಮಾತ್ರ ಬಯಲಿನಲ್ಲಿ ಕ್ರಿಕೆಟ್. ಮಕ್ಕಳಿಗೆ ಆಡುವ ಹಕ್ಕಿದೆ ಎಂದು 1989ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಸಾರಿತು, 1992ರಲ್ಲಿ ನಮ್ಮ ದೇಶವೂ ಅದನ್ನು ಒಪ್ಪಿತು. ಆ ಹಕ್ಕು ಹುಡುಗರಿಗೆ ಮಾತ್ರ ಎಂದು ಅದರಲ್ಲಿ ಬರೆದಿಲ್ಲ.

ಗೆಳತಿಯರೆ, ಪ್ರತಿ ವಾರ ನಾವು ಉಳಿತಾಯದ ಹಣ ಎಣಿಸಲು ಸೇರುತ್ತೇವೆ. ಮುಂದಿನ ವಾರದಿಂದ ಅದೇ ಸಭೆಯ ಪಕ್ಕದಲ್ಲಿ ಒಂದು ಚಾಪೆ ಹಾಸೋಣ. ಅದರ ಮೇಲೆ ಆಟದ ಪೆಟ್ಟಿಗೆ ಇಡೋಣ. ಸರದಿಯಂತೆ ಒಬ್ಬೊಬ್ಬರು ಅಲ್ಲಿ ಕೂತು ಮಕ್ಕಳ ಆಟ ನೋಡೋಣ. ಅಂಗನವಾಡಿ ಕಾರ್ಯಕರ್ತೆಯನ್ನೂ ಕರೆಯೋಣ. ಅಲ್ಲಿ ಮಗು ಏನನ್ನಾದರೂ ಆಡಿ ತೋರಿಸಿದರೆ, ಬಾಯಿ ಮುಚ್ಚಿಸದೆ ನೋಡುವ ಧೈರ್ಯ ನಮಗಿರಲಿ. ನೋಡಿದ ಮೇಲೆ ಅದರ ತಾಯಿಯ ಬೆನ್ನಿಗೆ ನಿಲ್ಲುವ ಧೈರ್ಯವೂ ಇರಲಿ.